ಮುಲುಂಡಿನ ನೀರು, ನೀಲಗಿರಿಯ ಚಹಾ

ದಣಿವಿನಲ್ಲಿ ಎರಡು ಬಗೆಯೆಂದು ನಾನು ಕಂಡುಕೊಂಡಿದ್ದೇನೆ. ಇಂಥ ಕೆಲಸ ಮಾಡಿ ದಣಿದೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದದ್ದು ಒಂದು. ಕಾರಣ ಹೇಳಿದರೆ ಕೇಳಿದವರು ನಗುವಂಥದ್ದು ಇನ್ನೊಂದು. ನನ್ನ ಪಾಲಿಗೆ ಬಂದದ್ದು ಎರಡನೆಯದು. ಒಟ್ಟು ಸುಮಾರು ಮೂರು ತಿಂಗಳು, ಭಾನುವಾರ ಬಿಟ್ಟು ಪ್ರತಿದಿನ, ನಾನು ಮುಲುಂಡಿನಿಂದ ಬೋರಿಬಂದರಿನವರೆಗೆ ಮುಂಬಯಿಯ ಲೋಕಲ್ ರೈಲಿನಲ್ಲಿ ನೀರು ಹೊತ್ತಿದ್ದೇನೆ. ಯಾರಿಗೋ ಬಾಯಾರಿಕೆಯಾಗಿತ್ತು ಎಂದಲ್ಲ. ಒಬ್ಬ ಹಿರಿಯರು ಅದನ್ನು ಕುದಿಸಿ, ಚಹಾದ ಎಲೆಯ ಮೇಲೆ ಸುರಿದು, ಆರು ನಿಮಿಷ ಕಾದು, ಬಾಯಿಗೆ ಹಾಕಿಕೊಂಡು, ಆಮೇಲೆ ಉಗುಳುವುದಕ್ಕಾಗಿ. ಬೇರೆಯವರು ಊಟದ ಡಬ್ಬಿ ಒಯ್ಯುತ್ತಾರೆ, ಛತ್ರಿ ಒಯ್ಯುತ್ತಾರೆ, ಮಗಳ ಜಾತಕ ಒಯ್ಯುತ್ತಾರೆ. ಉಗುಳುವ ನೀರನ್ನು ಇಪ್ಪತ್ತು ಮೈಲಿ ಹೊತ್ತವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಈಗಲೂ ಬಲಗೈಯ ಭುಜ ಎಡಗೈಯದಕ್ಕಿಂತ ಒಂದು ಬೆರಳು ಕೆಳಗಿದೆ ಎಂದು ನನಗೆ ಅನುಮಾನ. ದರ್ಜಿ ಮಾತ್ರ ಒಪ್ಪುವುದಿಲ್ಲ.

ನಾನು ಕೋಟೆ ಭಾಗದ ಒಂದು ಚಹಾ ಕಂಪನಿಯಲ್ಲಿ ಗುಮಾಸ್ತ. ನೀಲಗಿರಿಯ ತೋಟಗಳಿಂದ ಪೆಟ್ಟಿಗೆಗಳಲ್ಲಿ ಎಲೆ ಬರುತ್ತದೆ; ನಮ್ಮಲ್ಲಿ ಅದನ್ನು ಹದವಾಗಿ ಬೆರೆಸಿ ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಕಳಿಸುತ್ತಾರೆ. ಯಾವ ತೋಟದ ಎಲೆಗೆ ಯಾವುದನ್ನು ಎಷ್ಟು ಬೆರೆಸಬೇಕು ಎಂದು ಹೇಳುವವರು ಪೆಸ್ತನ್‌ಜಿ ಸಾಹೇಬರು. ಅರವತ್ತು ದಾಟಿದ ಪಾರ್ಸಿ ಗೃಹಸ್ಥರು. ಬಿಳಿ ಡಗಲೆ, ಕರಿ ಟೋಪಿ, ಮೂವತ್ತು ವರ್ಷದಿಂದ ಅದೇ ಕೋಣೆ. ಬೀಡಿ ಸಿಗರೇಟು ಇಲ್ಲ, ಎಲೆ ಅಡಿಕೆ ಇಲ್ಲ, ಈರುಳ್ಳಿ ಇಲ್ಲ, ಮಾವಿನಕಾಯಿ ಉಪ್ಪಿನಕಾಯಿಯನ್ನು ಭಾನುವಾರ ಮಾತ್ರ ಕಣ್ಣಿನಿಂದ ನೋಡುವುದು. ಎಲ್ಲ ನಾಲಿಗೆಗಾಗಿ. ಉದ್ದನೆಯ ಮೇಜಿನ ಮೇಲೆ ಮುಚ್ಚಳವಿದ್ದ ಬಿಳಿ ಪಿಂಗಾಣಿ ಬಟ್ಟಲುಗಳ ಸಾಲು. ಪುಟ್ಟ ತಕ್ಕಡಿಯಲ್ಲಿ ಎಲೆ ತೂಗಿ ಹಾಕುವುದು, ನೀರು ಮೊದಲ ಸಲ ಮರಳಿ ಮೇಲೆದ್ದ ಕ್ಷಣಕ್ಕೇ ಸುರಿಯುವುದು, ಮುಚ್ಚಿ ಮರಳಿನ ಗಡಿಯಾರ ತಿರುಗಿಸಿಡುವುದು. ಎರಡನೆಯ ಸಲ ಕುದಿಸಿದ ನೀರನ್ನು ಅವರು ಒಲ್ಲರು. ಅದರ ಜೀವ ಹೋಗಿರುತ್ತದೆ ಎನ್ನುವರು. ಆರು ನಿಮಿಷವಾದ ಮೇಲೆ ರಸವನ್ನು ಬೇರೆ ಬಟ್ಟಲಿಗೆ ಬಸಿದು, ಚಮಚದಲ್ಲಿ ಎತ್ತಿ, ‘ಸೊರ್ರ್’ ಎಂದು ಇಡೀ ಮಾಳಿಗೆಗೆ ಕೇಳುವ ಹಾಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಬಾಯಿಯೊಳಗೆ ಅತ್ತಿತ್ತ ಆಡಿಸಿ, ಸೊಂಟದೆತ್ತರದ ಪೀಕದಾನಿಗೆ ಉಗುಳಿ, ಒಂದು ಮಾತು ಹೇಳುವರು. ಆ ಮಾತನ್ನು ಬರೆದುಕೊಳ್ಳುವುದು ನನ್ನ ಕೆಲಸಗಳಲ್ಲಿ ಒಂದು.

ಧಾರವಾಡದ ಕಡೆಯವನಿಗೆ ಇದು ಚಹಾ ಎಂದು ನಂಬಿಸುವುದೇ ಕಷ್ಟ. ನಮ್ಮ ಮನೆಯಲ್ಲಿ ಚಹಾ ಎಂದರೆ ಹಾಲು, ನೀರು, ಸಕ್ಕರೆ, ಪುಡಿ, ಜಜ್ಜಿದ ಶುಂಠಿ ಎಲ್ಲ ಒಂದೇ ಪಾತ್ರೆಗೆ ಬಿದ್ದು, ಇಟ್ಟಂಗಿಯ ಬಣ್ಣ ಬರುವವರೆಗೆ ಕುದಿಯಬೇಕು. ಮೂರು ಸಲ ಉಕ್ಕಿ ಬಂದು ಮೂರು ಸಲ ಇಳಿದರೆ ಮಾತ್ರ ಅದಕ್ಕೆ ಚಹಾ ಎಂಬ ಹೆಸರು. ಅಂಥ ನನಗೆ ಪೆಸ್ತನ್‌ಜಿಯವರು ಒಂದು ದಿನ ಹಾಲು ಸಕ್ಕರೆ ಯಾವುದೂ ಇಲ್ಲದ ನೀಲಗಿರಿಯ ಬಟ್ಟಲು ಮುಂದೆ ಸರಿಸಿ ಕುಡಿದು ನೋಡೆಂದರು. ಕಷಾಯ ಎಂದುಕೊಂಡೇ ಕುಡಿದೆ. ಬಣ್ಣ ಜೇನಿನದು, ತುಸು ಕೆಂಪು ಹೆಚ್ಚು. ಮೊದಲ ಗುಟುಕಿಗೆ ಏನೂ ಇಲ್ಲ. ಎರಡನೆಯದಕ್ಕೆ ನಾಲಿಗೆಯ ಅಂಚಿನಲ್ಲಿ ಸಣ್ಣಗೆ ಒಗರು. ನುಂಗಿ ಆದಮೇಲೆ, ಎಲ್ಲ ಮುಗಿಯಿತು ಎನ್ನುವಾಗ, ಯಾರೋ ಹೂ ಮುಡಿದವರು ಪಕ್ಕದ ಕೋಣೆಯಲ್ಲಿ ಹಾದು ಹೋದಂತೆ ಒಂದು ಪರಿಮಳ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಇಬ್ಬನಿ ಹೆಪ್ಪುಗಟ್ಟುವ ನಾಲ್ಕು ವಾರಗಳಲ್ಲಿ ಕಿತ್ತ ಎಲೆಗೆ ಮಾತ್ರ ಅದು ಇರುತ್ತದಂತೆ. “ಹೇಗಿದೆ?” ಎಂದರು. “ಬಿಸಿಯಾಗಿದೆ” ಎಂದೆ. ಅಂದಿನಿಂದ ನನ್ನ ಅಭಿಪ್ರಾಯ ಕೇಳುವುದನ್ನು ಬಿಟ್ಟುಬಿಟ್ಟರು.

ಎಲೆ ಅರ್ಧ, ನೀರು ಅರ್ಧ ಎಂಬುದು ಅವರ ವೇದಾಂತ. ಅದೇ ಎಲೆ ಒಂದು ಊರಿನ ನೀರಿನಲ್ಲಿ ಹೂವಾಗುತ್ತದೆ, ಇನ್ನೊಂದು ಊರಿನ ನೀರಿನಲ್ಲಿ ಕಟ್ಟಿಗೆಯಾಗುತ್ತದೆ. ಮುಂಬಯಿ ಉತ್ತರಕ್ಕೆ ಬೆಳೆಯುತ್ತಿತ್ತು. ಮಲಾಡ್, ಮುಲುಂಡ್ ಕಡೆಗೆ ದಿನಕ್ಕೊಂದು ಬಿಲ್ಡಿಂಗ್ ಏಳುತ್ತಿತ್ತು. ಅಲ್ಲಿಯ ನೀರಿಗೆ ಹೊಂದುವ ಹಾಗೆ ಬೇರೆ ಬೇರೆ ಪೊಟ್ಟಣ ಮಾಡಬೇಕೆಂದು ಕಂಪನಿಯವರು ನಿಶ್ಚಯಿಸಿದರು. ಪೆಸ್ತನ್‌ಜಿಯವರು ನಿವೃತ್ತಿಗೆ ಮುಂಚೆ ಮಾಡುವ ಕೊನೆಯ ಬೆರಕೆ ಅದು. ಅದರ ಮೇಲೆ ಅವರ ಜೀವವೇ ಇತ್ತು. ಮಲಾಡ್ ಕಡೆಯ ನೀರು ತರುವ ಕೆಲಸ ನನ್ನ ಪಕ್ಕದ ಮೇಜಿನ ಕಾಮತನಿಗೆ ಬಂತು, ಮುಲುಂಡಿನದು ನನಗೆ. ಆಫೀಸಿನಲ್ಲಿ ಮುಲುಂಡಿನವನು ನಾನೊಬ್ಬನೇ. “ದೀಕ್ರಾ, ನಿಮ್ಮ ಮನೆಯಲ್ಲಿ ಚಹಾಕ್ಕೆ ಯಾವ ನೀರು ಬಳಸುತ್ತೀರೋ ಅದೇ ನೀರು ಬೇಕು. ದಿನಾ ಬೇಕು. ನೀರು ದಿನಾ ಒಂದೇ ರೀತಿ ಇರುವುದಿಲ್ಲ” ಎಂದರು. ಅವರ ಮಾತೆಲ್ಲ ಮುಂಬಯಿ ಹಿಂದಿಯಲ್ಲಿ ನಡೆಯುತ್ತಿತ್ತು; ದೀಕ್ರಾ, ಎಂದರೆ ಮಗನೇ, ಎಂಬುದೊಂದನ್ನು ಬಿಟ್ಟು ಉಳಿದದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಹೀಗೆ ಮನೆಯಲ್ಲಿ ಬಳಸುವ ನೀರು ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಆಮೇಲೆ ಯಾರೂ ಇಟ್ಟುಕೊಳ್ಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಕಮಲಾ ಜೋಳದ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು.

“ಏನಂದ್ರಿ? ಇಲ್ಲಿಂದ ನೀರು ಹೊತಗೊಂಡು ಹೋಗೂದಾ? ಅಲ್ಲಿ ಇಷ್ಟು ದೊಡ್ಡ ಆಫೀಸಿನ್ಯಾಗ ಒಂದು ನಳಾ ಇಲ್ಲೇನು?”

“ನಳಾ ಅದ. ಆದ್ರ ಅವರಿಗೆ ನಮ್ಮ ನೀರ ಬೇಕಂತ.”

“ಕುಡೀಲಿಕ್ಕೇನು?”

“ಕುಡ್ಯೂದಿಲ್ಲ. ಚಾ ಮಾಡಿ ಬಾಯಾಗ ಹಾಕ್ಕೊಂಡು ಉಗಳತಾರ.”

“ಹಂಗಾರ ನಾ ನಸಕಿನ್ಯಾಗ ಎದ್ದು ನಾಕು ಮಂದಿ ಕೂಡ ಜಗಳಾಡಿ ನೀರು ತುಂಬೂದು ಯಾರೋ ಉಗಳಲಿಕ್ಕೇನ್ರಿ?”

ನಮ್ಮ ಚಾಳಿನ ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಬಂದು ಐದಕ್ಕೆ ಹೋಗುತ್ತಿತ್ತು. ಹನ್ನೊಂದು ಸಂಸಾರ, ಒಂದು ನಲ್ಲಿ. ಆ ಒಂದು ಗಂಟೆಯಲ್ಲಿ ಕೊಡಗಳ ಸಾಲು ಹೇಗಿರಬೇಕು, ಯಾರದು ಯಾರ ಮುಂದೆ ಎಂಬುದರ ಮೇಲೆ ಹೆಂಗಸರ ನಡುವೆ ನಡೆಯುತ್ತಿದ್ದ ಮಾತುಕತೆಯನ್ನು ನಾನು ಹೊದಿಕೆಯೊಳಗಿನಿಂದ ಎಷ್ಟೋ ಸಲ ಕೇಳಿದ್ದೇನೆ. ಎದ್ದು ಸಹಾಯ ಮಾಡೋಣ ಎಂದು ಪ್ರತಿ ಸಲವೂ ಅನಿಸಿದೆ. ಕಮಲಾ ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ಆ ಸಾಹೇಬರಿಗೆ ವಯಸ್ಸೆಷ್ಟು ಎಂದು ಕೇಳಿದಳು. ಅರವತ್ತರ ಮೇಲೆ ಎಂದೆ. “ಹಿರೇರು” ಎಂದಳು. ಅಷ್ಟೇ. ಮರುದಿನ ಬೆಳಿಗ್ಗೆ ನಾನು ಗಡ್ಡ ಹೆರೆದುಕೊಳ್ಳುವ ಹೊತ್ತಿಗೆ ಚೊಕ್ಕವಾಗಿ ತೊಳೆದ ಎರಡು ಸರಬತ್ತಿನ ಬಾಟಲಿ ತುಂಬಿ ಬೂಚು ಹಾಕಿ ಬಾಗಿಲ ಬಳಿ ಇದ್ದವು. ಜೊತೆಗೆ ಕಾಗದದಲ್ಲಿ ಸುತ್ತಿದ ಬೆಲ್ಲದ ಹರಳು. ಬರೀ ನೀರು ಕೊಡಬಾರದಂತೆ. ಪೆಸ್ತನ್‌ಜಿಯವರ ನಾಲಿಗೆಗೆ ಬೆಲ್ಲ ವರ್ಜ್ಯವೆಂದು ಹೇಳಿ ಅವಳ ಮನಸ್ಸು ನೋಯಿಸುವುದೇಕೆಂದು, ಅದನ್ನು ದಿನವೂ ಮುಲುಂಡ್ ಮತ್ತು ಭಾಂಡುಪದ ನಡುವೆ ನಾನೇ ತಿನ್ನುತ್ತ ಹೋದೆ.

ಅದು ಪಾನನಿರೋಧದ ಕಾಲ. ಮುಂಬಯಿಯಲ್ಲಿ ಬಾಟಲಿ ಹಿಡಿದು ನಡೆಯುವವನ ಮೇಲೆ ಎಲ್ಲರಿಗೂ ಕಣ್ಣು. ಮೂರನೆಯ ದಿನವೇ ಬೋರಿಬಂದರಿನ ಗೇಟಿನಲ್ಲಿ ಒಬ್ಬ ಹವಾಲ್ದಾರ ನನ್ನನ್ನು ಪಕ್ಕಕ್ಕೆ ಕರೆದ. “ಬಾಟಲೀತ ಕಾಯ ಆಹೇ?” ನೀರು ಎಂದೆ. ಅವನು ನಗಲಿಲ್ಲ. ನೀರು ಎಂದವರನ್ನು ಅವನು ನನಗಿಂತ ಮುಂಚೆ ಎಷ್ಟೋ ಜನರನ್ನು ಕಂಡಿರಬೇಕು. ಬೂಚು ತೆಗೆದು ಮೂಗಿಗೆ ಹಿಡಿದ. ಮತ್ತೆ ಹಿಡಿದ. ಹುಬ್ಬು ಗಂಟಿಕ್ಕಿ, ಇದರಲ್ಲಿ ಏನೋ ಇದೆ, ಬರೀ ನೀರಿಗೆ ಇಂಥ ವಾಸನೆ ಇರುವುದಿಲ್ಲ ಎಂದ. ನನಗೆ ಸಿಟ್ಟು ಬಂತು. ನಾನು ಸಂಸಾರಸ್ಥ, ಚಹಾ ಕಂಪನಿಯ ಗುಮಾಸ್ತ, ಇದು ನಮ್ಮ ಮನೆಯ ನಲ್ಲಿಯ ನೀರು ಎಂದು ಮರಾಠಿಯಲ್ಲಿ ತೊದಲಿ, ಕೊನೆಗೆ ಅವನೆದುರಿಗೇ ಒಂದು ಗುಟುಕು ಕುಡಿದು ತೋರಿಸಿದೆ. ಒಲ್ಲದ ಮನಸ್ಸಿನಿಂದ ಬಿಟ್ಟ. ಇಂಥ ಮೂಗಿನವರನ್ನು ಪೊಲೀಸಿನಲ್ಲಿ ಇಟ್ಟುಕೊಂಡರೆ ರಾಜ್ಯದ ಗತಿ ಏನೆಂದು ಆಫೀಸಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ.

ಹವಾಲ್ದಾರನಿಗಿಂತ ಕಷ್ಟವೆಂದರೆ ಬಾಯಾರಿದವರು. ಏಪ್ರಿಲ್ ತಿಂಗಳು, ಒತ್ತಿ ನಿಂತ ಡಬ್ಬಿ, ಎದುರಿಗೆ ಎರಡು ಬಾಟಲಿ ತಿಳಿನೀರು. ಒಂದು ದಿನ ಮುದುಕರೊಬ್ಬರು ಕೆಮ್ಮುತ್ತ ಕೈ ಚಾಚಿದರು. ಇದು ಆಫೀಸಿನ ನೀರು, ಕೊಡಲಿಕ್ಕಾಗದು ಎಂದೆ. ನೀರಿಗೆ ಇಲ್ಲವೆಂದ ಮನುಷ್ಯನನ್ನು ನೋಡಲು ಆ ಕಡೆಯ ಬಾಗಿಲಿನವರೂ ಕತ್ತು ಉದ್ದ ಮಾಡಿದರು. ಕುರ್ಲಾ ಬರುವಷ್ಟರಲ್ಲಿ ಒಂದು ಬಾಟಲಿ ಖಾಲಿಯಾಗಿತ್ತು. ಕುಡಿದವರು ನಾಲ್ವರು. ಮುದುಕರು ಮೀಸೆ ಒರೆಸಿಕೊಂಡು, “ಬಹಳ ತಂಪು ನೀರು” ಎಂದು ಹರಸಿದರು. ಅದನ್ನೂ ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ನನ್ನ ಈ ಪಾಡನ್ನು ಕಾಮತನಿಗೆ ತೋಡಿಕೊಂಡರೆ ಅವನು ಹೊಟ್ಟೆ ಹಿಡಿದು ನಕ್ಕ. ಉಡುಪಿ ಕಡೆಯವನು, ಯಾವುದಕ್ಕೂ ಮೈ ಬಗ್ಗಿಸಿದವನಲ್ಲ. “ನೀವು ದಿನಾ ಮನೆಯಿಂದಲೇ ಹೊರುದಾ ಮಾರಾಯ್ರೆ? ನಾನು ಮಲಾಡ್ ಸ್ಟೇಷನ್ನಿನ ನಳ್ಳಿಯಲ್ಲಿ ಹಿಡಿದು ತರುದು. ಮೊನ್ನೆ ಮರೆತೇ ಹೋಯ್ತು, ಅಂಧೇರಿಯಲ್ಲಿ ಇಳಿದು ಹಿಡಿದೆ. ನೀರಿಗೆ ಏನು, ಹೆಸರು ಬರೆದಿರ್ತದಾ?” ಇಂಥ ಬೇಜವಾಬ್ದಾರಿಯ ಮನುಷ್ಯನಿಗೆ ಒಂದು ದಿನ ಸರಿಯಾಗಿ ಆಗುತ್ತದೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಹೇಳಿಬಿಡುತ್ತೇನೆ, ಅವನಿಗೆ ಏನೂ ಆಗಲಿಲ್ಲ. ಅವನ ಸೋಮಾರಿತನವೇ ಅವನನ್ನು ಕಾಪಾಡಿತು.

ನನ್ನ ನೀರಿಗೆ ಮಾತ್ರ ದಿನದಿನಕ್ಕೆ ಮರ್ಯಾದೆ ಏರಿತು. ಮೊದಲ ಬಟ್ಟಲಿಗೇ ಪೆಸ್ತನ್‌ಜಿಯವರು ಕಣ್ಣು ಮುಚ್ಚಿದವರು ಬೇಗ ತೆರೆಯಲಿಲ್ಲ. “ಎಷ್ಟು ಮೃದು! ಇದರಲ್ಲಿ ಹುಲ್ಲಿನ ಬೇರಿನ ವಾಸನೆ ಇದೆ, ದೀಕ್ರಾ. ಬೆಟ್ಟದ ಕೆರೆಯಿಂದ ಬರುತ್ತದಲ್ಲ, ದಂಡೆಯ ಹುಲ್ಲೆಲ್ಲ ಇದಕ್ಕೆ ಇಳಿದಿದೆ” ಎಂದರು. ಅದನ್ನು ಹಾಗೆಯೇ ಬರೆದುಕೊಂಡೆ. ಮುಲುಂಡಿನ ನೀರಿನ ಬಗ್ಗೆ ನನಗೆ ಯಾವ ಕಾರಣವೂ ಇಲ್ಲದೆ ಅಭಿಮಾನ ಹುಟ್ಟಿತು. ಇಷ್ಟು ಮೃದುವಾದ ನೀರಿಗೆ ಒಗರು ಕಡಿಮೆಯ ಎಲೆ ಸಾಲದು, ತೂಕದ ಎಲೆ ಬೇಕೆಂದು ಅವರು ಎರಡು ತಿಂಗಳು ಹೆಣಗಿ, ಕಡೆಗೆ ತಗ್ಗಿನ ತೋಟಗಳ ಗಟ್ಟಿ ಎಲೆಗೆ ಇಬ್ಬನಿ ಕಾಲದ ಎಲೆಯನ್ನು ತುಸುವೇ ಬೆರೆಸಿ, ಆ ಕಡೆಗೆಂದು ಒಂದು ಪೊಟ್ಟಣ ಸಿದ್ಧಮಾಡಿದರು. ಮೂವತ್ತು ವರ್ಷದಲ್ಲಿ ಇಂಥದ್ದು ಮಾಡಿರಲಿಲ್ಲ ಎಂದು ಅವರೇ ಹೇಳಿದರು. ನನ್ನ ಬಾಟಲಿಗಳಿಗೆ ಬಿಡುಗಡೆಯಾಯಿತು. ಕಮಲಾ ತಂಗಿಯ ಬಾಣಂತನಕ್ಕೆಂದು ಮಕ್ಕಳನ್ನು ಕಟ್ಟಿಕೊಂಡು ಧಾರವಾಡಕ್ಕೆ ಹೋದಳು. ನಾನು ಮುಂಜಾನೆ ನಾಲ್ಕಕ್ಕೆ ಎದ್ದು ಹತ್ತು ಜನ ಹೆಂಗಸರ ಹಿಂದೆ ಕೊಡ ಹಿಡಿದು ನಿಂತೆ.

ಮೂರು ವಾರಕ್ಕೆ ದೂರು ಬಂತು. ಕಾಮತನ ಮಲಾಡ್ ಪೊಟ್ಟಣ ಚೆನ್ನಾಗಿ ಓಡುತ್ತಿತ್ತು. ಮುಲುಂಡ್ ಪೊಟ್ಟಣವನ್ನು ಕೊಂಡವರು ಮಾತ್ರ ಎರಡನೆಯ ಸಲ ಕೇಳಲಿಲ್ಲ. ಬಾಯೆಲ್ಲ ಒಗರು, ತೊಗಟೆ ಕುದಿಸಿದ ಹಾಗೆ, ಹಾಲು ಎಷ್ಟು ಸುರಿದರೂ ಮೆತ್ತಗಾಗುವುದಿಲ್ಲ ಎಂದು ಅಂಗಡಿಯವರು ಹೇಳಿ ಕಳಿಸಿದರು. ಪೆಸ್ತನ್‌ಜಿಯವರು ನನ್ನನ್ನು ಕರೆದು, ನಾಳೆ ಮತ್ತೆ ಒಂದು ಬಾಟಲಿ ತಾ ಎಂದರು. ಮರುದಿನ ನಾನೇ ನಲ್ಲಿಯ ಕೆಳಗೆ ಬಾಟಲಿ ಹಿಡಿದು ತುಂಬಿ ಒಯ್ದೆ. ಅವರು ಚಹಾ ಮಾಡುವ ಗೋಜಿಗೂ ಹೋಗಲಿಲ್ಲ. ಬರೀ ನೀರನ್ನೇ ಚಮಚದಲ್ಲಿ ಎತ್ತಿ ಎಳೆದುಕೊಂಡು, ತಕ್ಷಣ ಉಗುಳಿದರು.

“ಇದು ನಿನ್ನ ನೀರಲ್ಲ.”

“ನಮ್ಮ ನಲ್ಲಿಯದೇ ಸಾಹೇಬರೇ.”

“ಇದಕ್ಕೆ ಕಬ್ಬಿಣದ ಕೊಳವೆಯ ರುಚಿ ಇದೆ. ಎರಡು ತಿಂಗಳು ನೀನು ತಂದದ್ದು ಇದಲ್ಲ. ಎಲ್ಲಿ ತುಂಬಿದೆ, ಸ್ಟೇಷನ್ನಿನಲ್ಲೋ?”

ಕಾಮತ ತಲೆ ತಗ್ಗಿಸಿ ಬಹಳ ಮುಖ್ಯವಾದದ್ದೇನನ್ನೋ ಬರೆಯತೊಡಗಿದ. ನಾನು ದೇವರ ಮೇಲೆ ಆಣೆಯಿಟ್ಟೆ, ಮಕ್ಕಳ ಮೇಲೆ ಇಟ್ಟೆ. ಅದೇ ಚಾಳು, ಅದೇ ನಲ್ಲಿ, ನನ್ನ ಕೈಯಾರೆ ತುಂಬಿದ್ದು. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಸುಳ್ಳು ಹೇಳುತ್ತಿಲ್ಲ ಎಂದು ಅವರಿಗೆ ಅರ್ಥವಾದದ್ದು ನನಗೆ ಕಾಣಿಸಿತು. ನನ್ನನ್ನು ನಂಬಿದರು ಎಂದು ನಾನು ಸಂತೋಷಪಡುವಷ್ಟರಲ್ಲಿ ಅವರು ಕುರ್ಚಿಯಲ್ಲಿ ಕುಳಿತುಬಿಟ್ಟರು. “ಹಾಗಾದರೆ ಹೋದದ್ದು ನನ್ನ ನಾಲಿಗೆ” ಎಂದರು. ಆ ದಿನ ಅವರು ಬೇರೆ ಯಾವ ಬಟ್ಟಲನ್ನೂ ಮುಟ್ಟಲಿಲ್ಲ. ಸಂಜೆ ಹೋಗುವಾಗ ತಿಂಗಳ ಕೊನೆಗೆ ಕೆಲಸ ಬಿಡುವ ಪತ್ರವನ್ನು ಬೆರಳಚ್ಚು ಮಾಡಿಡು ಎಂದು ನನಗೇ ಹೇಳಿದರು. ನಿವೃತ್ತಿಗೆ ಇನ್ನೂ ಒಂದು ವರ್ಷವಿತ್ತು.

ಆಮೇಲಿನ ಎಂಟು ದಿನ ನಾನು ಪಟ್ಟ ಸಂಕಟ ನೀರು ಹೊರುವುದಕ್ಕಿಂತ ಭಾರವಾಗಿತ್ತು. ಪೆಸ್ತನ್‌ಜಿಯವರು ಕೋಣೆಯಲ್ಲಿ ಒಬ್ಬರೇ ಕುಳಿತು ಆಫೀಸಿನ ನಲ್ಲಿಯ ನೀರನ್ನು ಚಮಚ ಚಮಚವಾಗಿ ರುಚಿ ನೋಡುತ್ತಿದ್ದರು. ಕಳೆದುಕೊಂಡ ಸಾಮಾನನ್ನು ಅದೇ ಜೇಬಿನಲ್ಲಿ ಮತ್ತೆ ಮತ್ತೆ ಹುಡುಕುವವರ ಹಾಗೆ. ಸೊರ್ರ್ ಎಂಬ ಸದ್ದಿನಲ್ಲೂ ಮೊದಲಿನ ಧೈರ್ಯವಿರಲಿಲ್ಲ. ಪತ್ರ ಬೆರಳಚ್ಚು ಮಾಡಲು ಕುಳಿತಾಗಲೆಲ್ಲ ನಾನು ಒಂದೊಂದು ಅಕ್ಷರ ತಪ್ಪು ಹೊಡೆದು ಹಾಳೆ ಹರಿಯುತ್ತಿದ್ದೆ. ನಾನು ಅಷ್ಟು ಸೂಕ್ಷ್ಮದ ಮನುಷ್ಯನೇನಲ್ಲ. ಆದರೆ ಇಡೀ ಆಯುಷ್ಯ ಉಪ್ಪಿನಕಾಯಿ ಬಿಟ್ಟು ಕಾಪಾಡಿಕೊಂಡ ನಾಲಿಗೆಯನ್ನು ಒಬ್ಬರು ಹಾಗೆ ಅನುಮಾನಿಸುವುದು ನೋಡಲಾಗುತ್ತಿರಲಿಲ್ಲ.

ಒಂಬತ್ತನೆಯ ದಿನ ಕಮಲಾ ಧಾರವಾಡದಿಂದ ಬಂದಳು. ಬಂದವಳೇ ತಾಮ್ರದ ಕೊಡಕ್ಕೆ ಬಗ್ಗಿ ನೋಡಿ, “ಅಯ್ಯ, ಇದೇನ್ರಿ, ಬರೀ ನಳದ ನೀರ ಕುಡದು ಕೂತೀರೇನು?” ಎಂದಳು.

“ಮತ್ತೇನು ಕುಡೀಬೇಕು?”

“ಸೋಸಿಲ್ಲ, ತುರಟಿ ಆಡಿಸಿಲ್ಲ, ಬೇರು ಹಾಕಿಲ್ಲ...”

“ಯಾವ ಬೇರು?”

“ಲಾವಂಚದ್ದು. ಕೊಡದಾಗ ಇರತದಲ್ಲ?”

ಇರುತ್ತದಂತೆ. ಎಂಟು ವರ್ಷದ ಹಿಂದೆ ಮದುವೆಯಾಗಿ ಮುಲುಂಡಿಗೆ ಬಂದ ದಿನದಿಂದ ಇದೆಯಂತೆ. ನಲ್ಲಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ತುರಟಿಯ, ಎಂದರೆ ಪಟಿಕದ, ಕಲ್ಲನ್ನು ನಾಲ್ಕು ಸುತ್ತು ಆಡಿಸಿ ಕೆಸರು ತಳಕ್ಕೆ ಇಳಿಸಿ, ಮೇಲಿನ ತಿಳಿಯನ್ನು ತಾಮ್ರದ ಕೊಡಕ್ಕೆ ಬಗ್ಗಿಸಿ, ಲಾವಂಚದ ಸಣ್ಣ ಕಟ್ಟು ಬಿಟ್ಟು ಒಂದು ರಾತ್ರಿ ಇಟ್ಟ ಮೇಲೆಯೇ ಅದು ನಮ್ಮ ಲೋಟಕ್ಕೆ ಬರುತ್ತಿದ್ದುದು. ಅವಳ ತಾಯಿಯ ಮನೆಯ ಪದ್ಧತಿ. ಸಾಹೇಬರಿಗೆ ಕಳಿಸಿದ್ದೂ ಅದೇ ಏನು ಎಂದು ಕೇಳಿದೆ.

“ಮತ್ತ? ಹಿರೇರು ಬಾಯಾಗ ಹಾಕ್ಕೊಳ್ಳೋ ನೀರು. ಮನಿಯಿಂದ ಹೊರಗ ಹೋಗೋ ನೀರು. ಹಸೀ ನಳದ್ದು ಕಳಸಲೇನು? ಮಂದಿ ಏನಂದಾರು, ಈ ಮನ್ಯಾಗ ಹೆಣ್ಣಮಗಳಿಲ್ಲ ಅಂದಾರು.”

ನಾನು ಗೋಡೆಗೆ ಒರಗಿ ಕುಳಿತೆ. ಇಡೀ ಮುಲುಂಡ್, ಭಾಂಡುಪ ಕಡೆಗೆ ಪೆಟ್ಟಿಗೆಗಟ್ಟಲೆ ಹೋದ ಚಹಾ ಮುಲುಂಡಿನ ನೀರಿಗೆ ಹೊಂದಿಸಿದ್ದಲ್ಲ. ಅದು ನಮ್ಮ ಅಡಿಗೆಮನೆಯ ಮೂಲೆಯ ಒಂದೇ ಒಂದು ಕೊಡಕ್ಕೆ ಹೊಂದಿಸಿದ್ದು. ಜಗತ್ತಿನಲ್ಲಿ ಆ ಪೊಟ್ಟಣ ಸರಿಯಾಗಿ ಕುದುರುವ ಮನೆ ಒಂದೇ. ಆ ಮನೆಯವರು ಅದನ್ನು ಕೊಂಡಿರಲಿಲ್ಲ; ನನಗೆ ಆಫೀಸಿನಿಂದ ಪೆಟ್ಟಿಗೆಯ ತಳದ ಪುಡಿ ಸುಮ್ಮನೆ ಸಿಗುತ್ತಿತ್ತು.

ಹೇಳುವುದೋ ಬಿಡುವುದೋ ಎಂದು ಒಂದು ರಾತ್ರಿ ಹೊರಳಾಡಿದೆ. ಹೇಳಿದರೆ ನೌಕರಿಗೆ ಸಂಚಕಾರ. ಹೇಳದಿದ್ದರೆ ಆ ಮುದುಕರು ನಾಲಿಗೆ ಹೋಯಿತೆಂದು ನಂಬಿಯೇ ಮನೆಗೆ ಹೋಗುತ್ತಾರೆ. ಧೈರ್ಯದಿಂದ ನಿರ್ಧಾರ ಮಾಡಿದೆನೆಂದು ಹೇಳಲಾರೆ. ಮರುದಿನವೇ ಆ ಪತ್ರಕ್ಕೆ ಅವರು ಸಹಿ ಹಾಕುವುದಿತ್ತು, ಇನ್ನು ತಪ್ಪು ಹೊಡೆಯಲು ಹಾಳೆ ಉಳಿದಿರಲಿಲ್ಲ. ಎರಡು ಬಾಟಲಿ ಒಯ್ದೆ. ಒಂದರಲ್ಲಿ ನಲ್ಲಿಯದು, ಇನ್ನೊಂದರಲ್ಲಿ ಕಮಲಾ ಬಂದೊಡನೆ ಬೇರು ಹಾಕಿಟ್ಟ ಕೊಡದ್ದು. ಏನೂ ಹೇಳದೆ ಅವರ ಮೇಜಿನ ಮೇಲಿಟ್ಟೆ. ಅವರು ಬೇಸರದಿಂದಲೇ ಮೊದಲನೆಯದನ್ನು ಬಾಯಿಗೆ ಹಾಕಿ ಉಗುಳಿದರು. ಎರಡನೆಯದಕ್ಕೆ ಚಮಚ ಹಿಡಿದ ಕೈ ಹಾಗೆಯೇ ನಿಂತಿತು. ಕಣ್ಣು ಮುಚ್ಚಿತು. “ಇದು!” ಎಂದರು. “ಇದೇ ಹುಲ್ಲಿನ ಬೇರು!” ಬೇರು ಎಂದದ್ದು ಖರೆಯಾಗಿತ್ತು ಸಾಹೇಬರೇ, ಕೆರೆ ಮಾತ್ರ ನಮ್ಮ ಅಡಿಗೆಮನೆಯಲ್ಲಿತ್ತು ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಬೈಗುಳಕ್ಕೆ ಕಾದು ನಿಂತೆ. ಅವರು ಬೈಯಲಿಲ್ಲ. ಕರವಸ್ತ್ರ ತೆಗೆದು ಮೊದಲು ಬಾಯಿ ಒರೆಸಿಕೊಂಡರು, ಆಮೇಲೆ ಕಣ್ಣು. ಬೆರಳಚ್ಚು ಮಾಡಿದ್ದ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಚಿ ಪೀಕದಾನಿಗೆ ಹಾಕಿದರು. ಆಡಳಿತದವರಿಗೆ ಮಾದರಿ ನೀರಿನಲ್ಲಿ ತಪ್ಪಾಗಿತ್ತು ಎಂದಷ್ಟೇ ಬರೆದರು. ನನ್ನ ಹೆಸರಿಲ್ಲ, ಕೊಡದ ಹೆಸರಿಲ್ಲ. ಬೆರಕೆಯನ್ನು ಮೊದಲಿನಿಂದ ಮಾಡಬೇಕೆಂದರು. ಅಂದರೆ ನಾನು ಮತ್ತೆ ಒಂದು ತಿಂಗಳು, ಈ ಸಲ ಹಸೀ ನೀರನ್ನೇ, ಹೊರಬೇಕೆಂದಾಯಿತು.

ಬರುವ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ ಎಂದು ಅವರು ತಾವಾಗಿಯೇ ಹೇಳಿ ಬಂದರು. ಬಿಳಿ ಡಗಲೆಯ ಪಾರ್ಸಿಯವರು ನಮ್ಮ ಚಾಳಿನ ಮೆಟ್ಟಿಲು ಹತ್ತುವುದನ್ನು ಹತ್ತು ಬಾಗಿಲುಗಳು ನೋಡಿದವು. ಕಮಲಾ ತಾಟಿನಲ್ಲಿ ಬೆಲ್ಲ, ಲೋಟದಲ್ಲಿ ನೀರು ತಂದಿಟ್ಟಳು. ನಾನು ಕಣ್ಣಿನಲ್ಲಿ ಬೇಡವೆಂದು ಸನ್ನೆ ಮಾಡುವಷ್ಟರಲ್ಲಿ ಅವರು ಬೆಲ್ಲ ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿದರು. ಪೆಸ್ತನ್‌ಜಿಯವರು ಏನನ್ನಾದರೂ ನುಂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಕೈಚೀಲದಿಂದ ಆ ನಿಷ್ಫಲವಾದ ಪೊಟ್ಟಣವನ್ನೂ ಮರಳಿನ ಗಡಿಯಾರವನ್ನೂ ತೆಗೆದು, ಅಡಿಗೆಮನೆಯ ಹೊಸ್ತಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ಕಮಲಾಳಿಂದ ಚಹಾ ಮಾಡಿಸಿದರು. ನೀರು ಮೊದಲ ಕುದಿಗೆ ಬಂದಾಗ ಅವರು ಕೈ ಎತ್ತಿದರು, ಅವಳು ಸುರಿದಳು. ಉಕ್ಕಲಿಕ್ಕೆ ಬಿಡದೆ ಚಹಾ ಇಳಿಸುವುದು ಅವಳಿಗೆ ಬಹಳ ಸಂಕಟದ ಕೆಲಸ. ಮುಚ್ಚಿ ಆರು ನಿಮಿಷ ಎಲ್ಲರೂ ಮರಳು ನೋಡುತ್ತ ಕುಳಿತೆವು. ಹಿತ್ತಾಳೆ ಲೋಟದಲ್ಲಿ ಆ ಚಹಾ ಬಂದಾಗ, ತಗ್ಗಿನ ಎಲೆಯ ಒಗರು ಎಲ್ಲಿಯೂ ಮುಂದೆ ಬರದೆ ನೀರಿನೊಳಗೆ ತಣ್ಣಗೆ ಕುಳಿತಿತ್ತು. ಪೆಸ್ತನ್‌ಜಿಯವರು ಲೋಟ ಪೂರ್ತಿ ಕುಡಿದು, “ಇದೇ ನನ್ನ ಅತ್ಯುತ್ತಮ ಬೆರಕೆ. ಗಿರಾಕಿ ಒಬ್ಬರೇ, ಅಷ್ಟೇ” ಎಂದರು.

ಕಮಲಾಳ ಅಭಿಪ್ರಾಯ ಕೇಳಿ ಹೇಳು ಎಂದು ನನಗೆ ಅಂದರು. ಅವಳು ಒಂದು ಗುಟುಕು ಕುಡಿದಳು. “ಮೊದಲ ಬೇರಿನ ವಾಸನಿ ಬರತದ. ಆಮ್ಯಾಲ ಚಾದ ಒಗರು. ನುಂಗಿದ ಮ್ಯಾಲ ಯಾವುದೋ ಹೂವಿಂದು ಬರತದ, ಆದ್ರ ಅದು ಸ್ವಲ್ಪ ಕಡಿಮಿ ಆತು. ಅದನ್ನ ಇನ್ನೊಂದೀಟು ಹಾಕಬೇಕಿತ್ತು ಅವರು.” ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಪೆಸ್ತನ್‌ಜಿಯವರು ಎದ್ದು ನಿಂತು ಅವಳಿಗೆ ಕೈ ಮುಗಿದರು. ಹೂವಿನ ಘಮದ ಆ ಇಬ್ಬನಿ ಕಾಲದ ಎಲೆ ದುಬಾರಿ, ತುಸುವೇ ಸಾಕೆಂದು ಕಂಪನಿಯವರು ಒತ್ತಾಯ ಮಾಡಿದ್ದರಂತೆ. ಅವರಿಗೂ ಅದೇ ಕೊರತೆ ಅನಿಸಿತ್ತಂತೆ. ಹೋಗುವಾಗ ಮೆಟ್ಟಿಲ ಬಳಿ ನನ್ನ ಭುಜದ ಮೇಲೆ, ಅದೇ ಕೆಳಗಿಳಿದ ಭುಜದ ಮೇಲೆ, ಕೈಯಿಟ್ಟು, “ಎಂಟು ವರ್ಷ ಈ ನೀರು ಕುಡಿದಿದ್ದೀಯ. ಒಂದು ದಿನವಾದರೂ ಅನಿಸಲಿಲ್ಲವೇ, ದೀಕ್ರಾ?” ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ಬಂದರೆ ಕಮಲಾ ಲೋಟ ತೊಳೆಯುತ್ತಿದ್ದಳು. ನಸುಕಿನಲ್ಲಿ ಎದ್ದು, ಜಗಳಾಡಿ, ಸೋಸಿ, ತಿಳಿಮಾಡಿ, ಬೇರು ಹಾಕಿ ಎಂಟು ವರ್ಷ ಕೊಟ್ಟ ನೀರನ್ನು ನಾನು ನೀರು ಎಂದುಕೊಂಡು ಕುಡಿದಿದ್ದೆ. ಅವಳು ತವರಿಗೆ ಹೋದಾಗ ಕಬ್ಬಿಣದ ರುಚಿಯದನ್ನೂ ಅಷ್ಟೇ ನಿಶ್ಚಿಂತೆಯಿಂದ ಕುಡಿದಿದ್ದೆ. ನಿಜವಾಗಿಯೂ ನಾಚಿಕೆಯಾಯಿತು. ಇನ್ನು ಮುಂದೆ ಹೀಗಿರಬಾರದೆಂದು ಅಂದೇ ನಿಶ್ಚಯಿಸಿ, ಪ್ರತಿದಿನ ಆಫೀಸಿನಿಂದ ಬಂದೊಡನೆ ಮೊದಲ ಲೋಟದ ನೀರನ್ನು ಪೆಸ್ತನ್‌ಜಿಯವರ ರೀತಿಯಲ್ಲಿ ಕಣ್ಣು ಮುಚ್ಚಿ ಗುಟುಕರಿಸಿ, “ಆಹಾ, ಲಾವಂಚದ ಘಮ ಎಷ್ಟ ಛಲೋ ಅದ” ಎಂದು ಅವಳಿಗೆ ಕೇಳುವ ಹಾಗೆ ಹೇಳತೊಡಗಿದೆ. ಅವಳು ಮುಗುಳ್ನಗುತ್ತಿದ್ದಳು. ಸಂಸಾರ ಸುಧಾರಿಸಿತು ಎಂದುಕೊಂಡೆ. ಎರಡು ವಾರ ಹೀಗೆ ನಡೆದ ಮೇಲೆ ಒಂದು ಸಂಜೆ ನಾನು ಆಹಾ ಎನ್ನುವಷ್ಟರಲ್ಲಿ ಅವಳು ಕೈಗೆ ಚೀಲ ಕೊಟ್ಟು, “ಬಾಜಾರಕ್ಕ ಹೋದ್ರ ಲಾವಂಚ ತರ್ರಿ. ಮುಗದು ಹತ್ತು ದಿನಾ ಆತು” ಎಂದಳು.